ಆಲಮಟ್ಟಿ ಹಿನ್ನೀರಿನ ಹಕ್ಕಿ ಲೆಕ್ಕ: ದುಡ್ಡು ಕಟ್ಟಿ ಪೇಪರ್ ಮಾಡಬೇಕಾ? ಡೇಟಾ ಕೇಳಿದವರಿಗೆ ಕೊಡಬೇಕಾ?

ಘಟಪ್ರಭಾ ದಂಡೆ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ಚಳಿಗಾಲ ಬಂದರೆ ನನ್ನ ಬಿಎಸ್ಸಿ ವಿದ್ಯಾರ್ಥಿಗಳ ಜೊತೆ ಆಲಮಟ್ಟಿ ಹಿನ್ನೀರಿನ ದಂಡೆಗೆ ಹೋಗಿ ಹಕ್ಕಿ ಎಣಿಸುತ್ತೇನೆ. ಅನಗವಾಡಿ ಸೇತುವೆ ಹತ್ತಿರ ಒಂದು ಜಾಗ, ಹೆರಕಲ್ ಕಡೆ ಇನ್ನೊಂದು. ಪಟ್ಟೆತಲೆ ಹೆಬ್ಬಾತು, ರಾಜಹಂಸ, ಬೇರೆ ಬೇರೆ ಬಾತುಗಳು, ಕೆಸರಲ್ಲಿ ಓಡಾಡುವ ಸಣ್ಣ ಹಕ್ಕಿಗಳು. ಎಲ್ಲವೂ ನೋಟ್‌ಬುಕ್ಕಿನಲ್ಲಿ ಇದೆ. ತಾರೀಕು, ಸಮಯ, ಎಣಿಸಿದವರ ಹೆಸರು ಬರೆದಿದ್ದೇವೆ. ಕೆಲವು ಚಳಿಗಾಲಗಳ ಲೆಕ್ಕ ಸೇರಿದೆ.

ಈಗ ಎರಡು ಪ್ರಶ್ನೆ ಬಂದಿವೆ.

ಮೊದಲನೆಯದು. ಒಂದು ಜರ್ನಲ್‌ನಿಂದ, ಅಂದರೆ ಸಂಶೋಧನಾ ಪತ್ರಿಕೆಯಿಂದ, ಮೇಲ್ ಬಂದಿದೆ. ಪೇಪರ್ (ಸಂಶೋಧನಾ ಲೇಖನ) ಕಳಿಸಿ, ಮೂರೇ ದಿನದಲ್ಲಿ ಸ್ವೀಕಾರ, ಒಂದು ವಾರದಲ್ಲಿ ಪ್ರಕಟಣೆ, ಸರ್ಟಿಫಿಕೇಟ್ ಸಹ ಕೊಡುತ್ತೇವೆ ಅಂತ. ಶುಲ್ಕ ಕೆಲವು ಸಾವಿರ ರೂಪಾಯಿ. ಸ್ಟಾಫ್ ರೂಮಿನಲ್ಲಿ ಎಲ್ಲರೂ "ಕಟ್ಟಿಬಿಡಿ, ಸಂದರ್ಶನದಲ್ಲಿ ಅಂಕ ಸಿಗುತ್ತದೆ" ಅನ್ನುತ್ತಿದ್ದಾರೆ. ಅವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ವರ್ಷ ವರ್ಷ ಆದೇಶ ಬರುತ್ತದಾ ಇಲ್ಲವಾ ಅಂತ ಕಾಯುವ ನಮ್ಮಂಥವರಿಗೆ ಒಂದೊಂದು ಅಂಕವೂ ಬೇಕು.

ಎರಡನೆಯದು. ದೂರದ ಊರಿನ ಒಬ್ಬ ಸಂಶೋಧಕರು ನಮ್ಮ ಲೆಕ್ಕ ಕೇಳಿದ್ದಾರೆ. "ಎಕ್ಸೆಲ್ ಶೀಟ್ ಕಳಿಸಿ, ಪೇಪರ್ ಕೊನೆಯಲ್ಲಿ ಕೃತಜ್ಞತೆ ಹೇಳುತ್ತೇವೆ" ಅಂದರು. ಕೊಡಬಾರದು ಅಂತ ನನಗಿಲ್ಲ. ಹಕ್ಕಿಗಳಿಗೆ ಒಳ್ಳೆಯದಾಗುವುದಾದರೆ ಆಗಲಿ. ಆದರೆ ಬೆಳಗಿನ ಚಳಿಯಲ್ಲಿ ಬಸ್ಸು ಹಿಡಿದು ಬಂದು ಎಣಿಸಿದವರು ಈ ಮಕ್ಕಳು. ಅವರ ಹೆಸರು ಎಲ್ಲೂ ಬರದಿದ್ದರೆ ಅದು ಸರಿಯಾ? ಈ ವಿಷಯದಲ್ಲಿ ನಿಯಮ ಅಂತ ಏನಾದರೂ ಇದೆಯಾ?

ಪಿಎಚ್‌ಡಿ ಧಾರವಾಡ

ಮೇಡಂ, ಮೊದಲು ಜರ್ನಲ್ ವಿಷಯ. ದಯವಿಟ್ಟು ಕಟ್ಟಬೇಡಿ.

ಶುಲ್ಕ ಕೇಳಿದ ಮಾತ್ರಕ್ಕೆ ಮೋಸ ಅಂತ ಅಲ್ಲ. ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದಾದ ಎಷ್ಟೋ ಒಳ್ಳೆಯ ಜರ್ನಲ್‌ಗಳು ಲೇಖಕರಿಂದ ಭಾರಿ ಶುಲ್ಕ ತೆಗೆದುಕೊಳ್ಳುತ್ತವೆ. ಅನುಮಾನ ಬರಬೇಕಾದದ್ದು ಆ "ಮೂರು ದಿನ" ಅನ್ನುವ ಮಾತಿಗೆ. ವಿಷಯ ಗೊತ್ತಿರುವ ಇಬ್ಬರು ನಿಮ್ಮ ಪೇಪರ್ ಓದಿ, ಪ್ರಶ್ನೆ ಕೇಳಿ, ನೀವು ತಿದ್ದಿ ಕಳಿಸುವುದಕ್ಕೆ ತಿಂಗಳುಗಳೇ ಬೇಕು. ಮೂರು ದಿನದಲ್ಲಿ ಸ್ವೀಕಾರ ಆಯಿತು ಅಂದರೆ ಯಾರೂ ಓದಿಲ್ಲ ಅಂತಲೇ ಅರ್ಥ.

ಐಎಸ್‌ಎಸ್‌ಎನ್ ನಂಬರ್ ತೋರಿಸುತ್ತಾರೆ. ಅದು ಬರೀ ಗುರುತಿನ ಸಂಖ್ಯೆ, ಗುಣಮಟ್ಟದ ಮುದ್ರೆ ಅಲ್ಲ. ಇಂಪ್ಯಾಕ್ಟ್ ಫ್ಯಾಕ್ಟರ್ ಅಂತಲೂ ಏನೋ ಒಂದು ಅಂಕಿ ಹಾಕಿರುತ್ತಾರೆ. ಜರ್ನಲ್‌ನ ಪೇಪರ್‌ಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸಿದರು ಅನ್ನುವ ಲೆಕ್ಕ ಅದು. ನಿಜವಾದ ಇಂಪ್ಯಾಕ್ಟ್ ಫ್ಯಾಕ್ಟರ್ ಕೊಡುವುದು ಕ್ಲಾರಿವೇಟ್ ಅನ್ನುವ ಸಂಸ್ಥೆ. ಬೇರೆಯವರು ಕೊಟ್ಟ ಅಂಕಿಗೆ ಬೆಲೆ ಇಲ್ಲ. ಯುಜಿಸಿ ಕೇರ್ ಪಟ್ಟಿಯಲ್ಲಿ (ಯುಜಿಸಿ ಒಪ್ಪಿದ ಜರ್ನಲ್‌ಗಳ ಪಟ್ಟಿ) ಇದ್ದೇವೆ ಅಂತ ಹೇಳಿದರೆ ಅದೂ ಹಳೆಯ ಮಾತು. ಆ ಪಟ್ಟಿಯನ್ನು ಯುಜಿಸಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಯಾವ ಜರ್ನಲ್ ಒಳ್ಳೆಯದು ಅಂತ ಈಗ ಆಯಾ ವಿಶ್ವವಿದ್ಯಾಲಯ, ಕಾಲೇಜುಗಳೇ ನೋಡಿಕೊಳ್ಳಬೇಕು. ನಮ್ಮ ಹೊಣೆ ಜಾಸ್ತಿ ಆಯಿತು ಅಲ್ವಾ.

ಇನ್ನೂ ದೊಡ್ಡ ನಷ್ಟ ಒಂದಿದೆ. ಒಮ್ಮೆ ಅಲ್ಲಿ ಪ್ರಕಟವಾದರೆ ಅದೇ ಲೆಕ್ಕವನ್ನು ಅದೇ ರೂಪದಲ್ಲಿ ಒಳ್ಳೆಯ ಜರ್ನಲ್ ತೆಗೆದುಕೊಳ್ಳುವುದಿಲ್ಲ. ವಾಪಸ್ ಪಡೆಯಲು ಹೋದರೆ ಅದಕ್ಕೂ ದುಡ್ಡು ಕೇಳುವವರಿದ್ದಾರೆ. ನಿಮ್ಮ ಚಳಿಗಾಲಗಳ ಕೆಲಸ ಅಲ್ಲೇ ಹೂತುಹೋಗುತ್ತದೆ.

ನಿಮ್ಮ ಕೆಲಸಕ್ಕೆ ಹೊಂದುವ ಜಾಗಗಳು ನಮ್ಮ ದೇಶದಲ್ಲೇ ಇವೆ. ಹಕ್ಕಿಗಳಿಗೇ ಮೀಸಲಾದ 'ಇಂಡಿಯನ್ ಬರ್ಡ್ಸ್' ಇದೆ. ಕೊಯಮತ್ತೂರಿನಿಂದ ಬರುವ 'ಜರ್ನಲ್ ಆಫ್ ಥ್ರೆಟನ್ಡ್ ಟ್ಯಾಕ್ಸಾ' ಇದೆ. ಹಳೆಯ ಸಂಚಿಕೆ ತೆರೆದು ನೋಡಿ. ಒಂದು ಕೆರೆ, ಒಂದು ಜಿಲ್ಲೆಯ ಹಕ್ಕಿಗಳ ಬಗ್ಗೆ ಚಿಕ್ಕ ಟಿಪ್ಪಣಿಗಳೂ ಸಿಗುತ್ತವೆ. ಕಾಲೇಜು ಮೇಷ್ಟ್ರುಗಳು, ಹವ್ಯಾಸಿಗಳು ಬರೆದದ್ದೂ ಇರುತ್ತದೆ.

ಹಳೇ ಬೈನಾಕ್ಯುಲರ್ (ವಿಜಯಪುರ)

ಮೇಡಂ ಅವರೇ, ಪೇಪರ್ ಮಾತು ಆಮೇಲೆ. ನಿಮ್ಮ ನೋಟ್‌ಬುಕ್ಕಿನ ಬಗ್ಗೆ ಮೊದಲು ಮಾತಾಡೋಣ. ಅದನ್ನು ಓದಿದಾಗಿನಿಂದ ಮನಸ್ಸು ಅಲ್ಲೇ ಇದೆ.

ನಾನು ನಿವೃತ್ತ ಹೈಸ್ಕೂಲ್ ವಿಜ್ಞಾನ ಶಿಕ್ಷಕ. ಏಷ್ಯಾದ ಜಲಪಕ್ಷಿ ಗಣತಿ ಅಂತ ಪ್ರತಿ ಜನವರಿ ನಡೆಯುತ್ತದೆ. 1987ರಲ್ಲಿ ಶುರುವಾದದ್ದು. ಅದಕ್ಕಾಗಿ ನಮ್ಮ ಕಡೆಯ ಕೆರೆಗಳಲ್ಲಿ ಎಣಿಸುತ್ತಾ ಬಂದಿದ್ದೇನೆ. ಆ ಅನುಭವದಿಂದ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಆಲಮಟ್ಟಿ ಕೆರೆ ಅಲ್ಲ. ಅದು ಜಲಾಶಯ. ಅಲ್ಲಿ ನೀರಿನ ಮಟ್ಟ ಬರೆಯದ ಲೆಕ್ಕ ಅರ್ಧ ಲೆಕ್ಕ.

ಯಾಕೆ ಅಂದರೆ, ನಮ್ಮ ಕಡೆ ದಂಡೆ ಬಹಳ ಕಡೆ ಸಪಾಟು. ನೀರು ಒಂದು ಅಡಿ ಇಳಿದರೂ ಅಗಲವಾದ ಕೆಸರು ತೆರೆದುಕೊಳ್ಳುತ್ತದೆ. ಕಾಲು ಮುಳುಗುವಷ್ಟು ನೀರಲ್ಲಿ ಮೇಯುವ ಸಣ್ಣ ಹಕ್ಕಿಗಳು ಕೆಲವೇ ದಿನಗಳಲ್ಲಿ ಅಲ್ಲಿ ಸೇರುತ್ತವೆ. ಇನ್ನೊಂದು ವರ್ಷ ಜನವರಿಯಲ್ಲೂ ನೀರು ತುಂಬಿರುತ್ತದೆ. ಆಗ ಕೆಸರೇ ಇಲ್ಲ, ಅವೂ ಇಲ್ಲ. ಎರಡು ವರ್ಷದ ಅಂಕಿ ಪಕ್ಕ ಪಕ್ಕ ಇಟ್ಟು "ಹಕ್ಕಿಗಳು ಅರ್ಧಕ್ಕೆ ಇಳಿದವು" ಅಂತ ಬರೆದರೆ ಪತ್ರಿಕೆಯವರಿಗೆ ಖುಷಿ ಆಗಬಹುದು. ಆದರೆ ಹಕ್ಕಿಗಳು ಕಡಿಮೆ ಆಗಿರಲಿಕ್ಕಿಲ್ಲ, ಇನ್ನೊಂದು ದಂಡೆಗೆ ಹೋಗಿರಬಹುದು. ಆಲಮಟ್ಟಿಯ ದಿನದ ಮಟ್ಟ ಪತ್ರಿಕೆಗಳಲ್ಲೇ ಬರುತ್ತದೆ. ನೀವು ತಾರೀಕು ಬರೆದಿದ್ದೀರಿ. ಹಾಗಾಗಿ ಹಿಂದಿನ ಮಟ್ಟವನ್ನು ಈಗಲೂ ಹುಡುಕಿ ಪಕ್ಕದಲ್ಲಿ ಸೇರಿಸಬಹುದು. ಮೊದಲು ಮಾಡಬೇಕಾದ ಕೆಲಸ ಇದು.

ಗಂಟೆಯ ವಿಷಯವೂ ಹಾಗೇ. ಹೆಬ್ಬಾತುಗಳು ಮೇಯಲು ಹೊಲಕ್ಕೆ ಹೋಗುತ್ತವೆ, ಬಿಸಿಲು ಏರಿದ ಮೇಲೆ ನೀರಿನ ಹತ್ತಿರ ಬಂದು ಕೂರುತ್ತವೆ. ಬೆಳಿಗ್ಗೆ ಏಳಕ್ಕೆ ಎಣಿಸಿದ್ದನ್ನೂ ಮಧ್ಯಾಹ್ನ ಎಣಿಸಿದ್ದನ್ನೂ ಒಂದೇ ಸಾಲಿನಲ್ಲಿ ಬರೆಯಬೇಡಿ. ಬೈನಾಕ್ಯುಲರ್ ಬಿಟ್ಟು ಟೆಲಿಸ್ಕೋಪ್ ತಂದ ದಿನ ಇದ್ದರೆ ಅದನ್ನೂ ಬರೆಯಿರಿ. ಕಣ್ಣು ದೂರ ಹೋದಷ್ಟೂ ಸಂಖ್ಯೆ ಏರುತ್ತದೆ. ದೊಡ್ಡ ಗುಂಪನ್ನು ಇಬ್ಬರು ಬೇರೆ ಬೇರೆಯಾಗಿ ಎಣಿಸಲಿ, ಒಬ್ಬರ ಅಂಕಿ ಇನ್ನೊಬ್ಬರಿಗೆ ಹೇಳದೆ. ಎರಡೂ ಅಂಕಿ ಇರಲಿ. ಏನೂ ಕಾಣದೆ ವಾಪಸ್ ಬಂದ ದಿನಗಳನ್ನು ದಯವಿಟ್ಟು ಅಳಿಸಬೇಡಿ. ಹಕ್ಕಿ ಇಲ್ಲದ ದಿನವೂ ಮಾಹಿತಿಯೇ.

ಇದನ್ನೆಲ್ಲ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಈಗ ಆಲಮಟ್ಟಿಯ ಪೂರ್ಣ ಮಟ್ಟ 519.60 ಮೀಟರ್. ಕೃಷ್ಣಾ ನದಿ ನೀರು ಹಂಚಿಕೆಯ ಎರಡನೇ ನ್ಯಾಯಮಂಡಳಿ ಅದನ್ನು 524.256 ಮೀಟರ್‌ಗೆ ಏರಿಸಲು 2010ರಲ್ಲೇ ಒಪ್ಪಿದೆ. ಏರಿದ ದಿನ ನೀವು ನಿಂತು ಎಣಿಸುವ ದಂಡೆ ನೀರಡಿ ಹೋಗುತ್ತದೆ. ಹೊಸ ದಂಡೆ ಈಗಿನ ಹೊಲಗಳಲ್ಲಿ ಹುಟ್ಟುತ್ತದೆ. ಹಕ್ಕಿಗಳಿಗೆ ಅದರಿಂದ ಲಾಭವೋ ನಷ್ಟವೋ ಅಂತ ಆಮೇಲೆ ಕೇಳಿದರೆ ಉತ್ತರ ಹೇಳಲು "ಮೊದಲು ಹೇಗಿತ್ತು" ಅನ್ನುವುದು ಗೊತ್ತಿರಬೇಕು. ಅದನ್ನು ಈಗಲೇ ಬರೆದಿಡಬೇಕು. ನೀವು ಬರೆಯುತ್ತಿದ್ದೀರಿ. ಅದು ಕೆಲವು ಸಾವಿರ ಕೊಟ್ಟು ತರುವ ಸರ್ಟಿಫಿಕೇಟಿಗಿಂತ ಎಷ್ಟೋ ದೊಡ್ಡದು.

ಬೀಳಗಿ ರೈತ

ಅಕ್ಕಾರ, ನಾನು ಓದಿದವನಲ್ಲ, ಆದರೂ ಒಂದು ಮಾತು. ಆ ಹೆಬ್ಬಾತುಗಳು ನಮ್ಮ ಕಡಲೆ ಹೊಲಕ್ಕೆ ಇಳಿಯುತ್ತವೆ. ಎಳೆ ಬೆಳೆ ಕಿತ್ತು ತಿನ್ನುತ್ತವೆ. ನಾವು ಹೊಡೆಯುವುದಿಲ್ಲ, ತಗಡು ಬಡಿದು ಓಡಿಸುತ್ತೇವೆ. ಎಣಿಸುವಾಗ ಯಾವ ಹೊಲದಲ್ಲಿ ಎಷ್ಟು ಕೂತಿದ್ದವು, ಎಷ್ಟು ಬೆಳೆ ಹೋಯಿತು ಅಂತಲೂ ಬರೆಯಿರಿ. ಹಕ್ಕಿ ನೋಡಲು ಬರುವವರು ನಮ್ಮನ್ನು ಮಾತಾಡಿಸದೇ ಹೋಗುತ್ತಾರೆ.

ಮಾಸ್ತರರು ಹೇಳಿದ ಹಾಗೆ ನಮ್ಮ ಹೊಲವೂ ಮುಳುಗಡೆ ಆಗುವ ಜಾಗದಲ್ಲಿದೆ. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಎಕರೆಗೆ ನೀರಾವರಿ ಭೂಮಿಗೆ 40 ಲಕ್ಷ, ಒಣ ಭೂಮಿಗೆ 30 ಲಕ್ಷ ರೂಪಾಯಿ ಪರಿಹಾರ ಅಂತ ನಿರ್ಧಾರ ಮಾಡಿತು. ಹೊಲದ ಲೆಕ್ಕ ಸರ್ಕಾರದ ಹತ್ತಿರ ಇದೆ. ಹಕ್ಕಿಗಳ ಲೆಕ್ಕ ನಿಮ್ಮ ಹತ್ತಿರ ಇರುವುದು ಒಳ್ಳೆಯದೇ.

ಖಾನಾಪುರ ಕಾಡು (ಬೆಳಗಾವಿ)

ಎರಡನೇ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ನಾನು ಬಾವಲಿಗಳ ಮೇಲೆ ಕೆಲಸ ಮಾಡುವವಳು. ಇದೇ ಪ್ರಶ್ನೆ ನಮ್ಮಲ್ಲೂ ಮತ್ತೆ ಮತ್ತೆ ಬರುತ್ತದೆ.

ನಿಯಮ ಇದೆ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಮಾಡಿದ್ದನ್ನು ಬೇರೆ ವಿಷಯಗಳವರೂ ಬಳಸುತ್ತಾರೆ. ಲೇಖಕ ಆಗಬೇಕಾದರೆ ನಾಲ್ಕು ಆಗಬೇಕು: ಕೆಲಸದ ಯೋಜನೆಯಲ್ಲೋ ಮಾಹಿತಿ ಸಂಗ್ರಹದಲ್ಲೋ ವಿಶ್ಲೇಷಣೆಯಲ್ಲೋ ಗಣನೀಯ ಪಾಲು, ಬರೆಯುವುದರಲ್ಲಿ ಇಲ್ಲವೇ ತಿದ್ದುವುದರಲ್ಲಿ ಪಾಲು, ಕೊನೆಯ ರೂಪಕ್ಕೆ ಒಪ್ಪಿಗೆ, ಇಡೀ ಕೆಲಸಕ್ಕೆ ಹೊಣೆ. ಬರೀ ಡೇಟಾ ಕೊಟ್ಟರೆ ಲೇಖಕಿ ಆಗುವುದಿಲ್ಲ, ನಿಜ. ಆದರೆ ಆ ನಿಯಮದಲ್ಲೇ ಇನ್ನೊಂದು ಮಾತಿದೆ. ಮೊದಲನೆಯದನ್ನು ಮಾಡಿದವರಿಗೆ ಉಳಿದದ್ದರಲ್ಲಿ ಭಾಗವಹಿಸುವ ಅವಕಾಶ ಕೊಡಲೇಬೇಕು. ಶೀಟ್ ತೆಗೆದುಕೊಂಡು ಕರಡು ತೋರಿಸದೇ ಇದ್ದು "ನೀವು ಬರೆದಿಲ್ಲವಲ್ಲ, ಅದಕ್ಕೆ ಕೃತಜ್ಞತೆ" ಅನ್ನುವುದು ಅನ್ಯಾಯ. ಆ ಸಂಶೋಧಕರಿಗೆ ಸಭ್ಯವಾಗಿ ಬರೆದು ಕೇಳಿ: ನಾವು ಹೇಗೆ ಎಣಿಸಿದೆವು ಅನ್ನುವ ಭಾಗ ನಾವೇ ಬರೆಯುತ್ತೇವೆ, ಕರಡು ಓದುತ್ತೇವೆ, ಲೇಖಕರಾಗಿ ಸೇರಿಸಿಕೊಳ್ಳುತ್ತೀರಾ? ಒಳ್ಳೆಯವರಾದರೆ ಸಂತೋಷದಿಂದ ಒಪ್ಪುತ್ತಾರೆ.

ಅದಕ್ಕೂ ಮೊದಲು ನಿಮ್ಮ ಡೇಟಾವನ್ನು ನಿಮ್ಮ ಹೆಸರಲ್ಲೇ ಒಂದು ಕಡೆ ಇಟ್ಟುಬಿಡಿ. ಝೆನೋಡೊ ಅಂತ ಡೇಟಾ ಇಡುವ ಜಾಲತಾಣ ಇದೆ. ಯುರೋಪಿನ ಸೆರ್ನ್ ಪ್ರಯೋಗಾಲಯ ನಡೆಸುತ್ತದೆ, ಉಚಿತ. ಶೀಟ್ ಹಾಕಿದ ಕೂಡಲೇ ಅದಕ್ಕೊಂದು ಡಿಒಐ, ಅಂದರೆ ಶಾಶ್ವತ ಗುರುತಿನ ಸಂಖ್ಯೆ ಸಿಗುತ್ತದೆ. ಡೇಟಾ ಮಾಡಿದವರು ಅಂತ ವಿದ್ಯಾರ್ಥಿಗಳ ಹೆಸರನ್ನೂ ಹಾಕಬಹುದು, ಅವರನ್ನು ಕೇಳಿ. ಆಮೇಲೆ ಯಾರು ಬಳಸಿದರೂ ಆ ಸಂಖ್ಯೆ ಉಲ್ಲೇಖಿಸಬೇಕು. ಹಕ್ಕಿ ಪಟ್ಟಿಗಳನ್ನು ಇ-ಬರ್ಡ್‌ಗೂ (ಹಕ್ಕಿ ನೋಡುವವರು ಪಟ್ಟಿ ಹಾಕುವ ಜಾಲತಾಣ) ಹಾಕಿ. ಹಳೆಯ ತಾರೀಕಿನವೂ ನಡೆಯುತ್ತವೆ. 2023ರ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿ 942 ಜಾತಿಗಳ ಸ್ಥಿತಿ ನೋಡಿ, 178 ಜಾತಿಗಳಿಗೆ ತುರ್ತಾಗಿ ಗಮನ ಬೇಕು ಅಂದಿತು. ಅದು ನಿಂತಿರುವುದೇ ಇಂಥ ಸಾಮಾನ್ಯ ಜನರ ಪಟ್ಟಿಗಳ ಮೇಲೆ. ಬೆಂಗಳೂರು, ಮೈಸೂರಿನಿಂದ ಪಟ್ಟಿಗಳು ರಾಶಿ ರಾಶಿ ಬರುತ್ತವೆ. ನಮ್ಮ ಜಿಲ್ಲೆಗಳಿಂದ ಬರುವುದು ಕಡಿಮೆ.

ಒಂದು ಎಚ್ಚರಿಕೆ. ಎಲ್ಲವನ್ನೂ ತೆರೆದಿಡಬೇಕು ಅಂತ ಇಲ್ಲ. ಇಲ್ಲಿ ಭೀಮಗಡ ಅಭಯಾರಣ್ಯದ ಬಾರಾಪೇಡೆ ಗುಹೆಯಲ್ಲಿ ರಾಟನ್ ಬಾವಲಿ ಅನ್ನುವ ಅಪರೂಪದ ಜಾತಿ ಇದೆ. 1913ರಲ್ಲಿ ವಿಜ್ಞಾನಕ್ಕೆ ಪರಿಚಯವಾದದ್ದು. ಬಹಳ ಕಾಲ ಪ್ರಪಂಚದಲ್ಲಿ ಇದೊಂದೇ ಗುಹೆಯಲ್ಲಿದೆ ಅಂತ ನಂಬಿದ್ದರು. ಆಮೇಲೆ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಸಿಕ್ಕಿತು. ಈ ಗುಹೆಯ ಹೆಸರು ಎಲ್ಲರಿಗೂ ಗೊತ್ತಾಗಿಹೋಗಿದೆ. ಆದರೆ ಹೊಸದಾಗಿ ಬಾವಲಿ ಬೀಡು ಕಂಡರೆ ನಾವು ಜಾಗ ಬರೆಯುವುದಿಲ್ಲ. ಜನ ನುಗ್ಗಿದರೆ ಅವು ಬಿಟ್ಟು ಹೋಗುತ್ತವೆ. ನಿಮ್ಮಲ್ಲೂ ದಂಡೆಯಲ್ಲಿ ಮೊಟ್ಟೆ ಇಡುವ ಜಾಗ ಗೊತ್ತಿದ್ದರೆ ಅದನ್ನು ಮಾತ್ರ ಸ್ಥೂಲವಾಗಿ ಬರೆಯಿರಿ.

ಘಟಪ್ರಭಾ ದಂಡೆ (ಬಾಗಲಕೋಟೆ)

ಎಲ್ಲರಿಗೂ ತುಂಬಾ ಧನ್ಯವಾದ. ಜರ್ನಲ್‌ಗೆ ಇಲ್ಲ ಅಂತ ಬರೆದುಬಿಟ್ಟೆ. ಮಕ್ಕಳ ಗುಂಪಿನಲ್ಲಿ ಡಿಒಐ ವಿಷಯ ಹಾಕಿದೆ. ಒಬ್ಬಳು ಈಗ ಇಳಕಲ್‌ನಲ್ಲಿ ಮೆಡಿಕಲ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. "ನನ್ನ ಹೆಸರೂ ಬರುತ್ತಾ ಮೇಡಂ?" ಅಂತ ಕೇಳಿದಳು. ಬರುತ್ತದೆ ಅಂದೆ.

ಬೀಳಗಿ ಅಣ್ಣಾ, ಈ ಸಲ ನಿಮ್ಮ ಕಡೆ ಬಂದಾಗ ಹೊಲದವರನ್ನು ಕೇಳಿ ಬೆಳೆ ವಿಷಯವನ್ನೂ ಬರೆದುಕೊಳ್ಳುತ್ತೇವೆ.

ಸರ್, ನಿಮಗೊಂದು ಪ್ರಶ್ನೆ. ಮೊದಲ ವರ್ಷ ನಾವು ಹೆರಕಲ್‌ನಲ್ಲಿ ದಂಡೆಗುಂಟ ನಡೆಯುತ್ತಾ ಎಣಿಸಿದ್ದೆವು, ಆಮೇಲೆ ಒಂದೇ ಕಡೆ ನಿಂತು. ಆ ವರ್ಷದ್ದನ್ನು ಬಿಡಬೇಕಾ?

ಹಳೇ ಬೈನಾಕ್ಯುಲರ್ (ವಿಜಯಪುರ)

ಬಿಡಬೇಡಿ. ಶೀಟಿನಲ್ಲಿ "ವಿಧಾನ" ಅಂತ ಒಂದು ಕಾಲಂ ಮಾಡಿ, ಅಲ್ಲಿ "ನಡಿಗೆ" ಅಂತ ಬರೆಯಿರಿ. ಎಷ್ಟು ದೂರ ನಡೆದಿರಿ ಅಂತ ಅಂದಾಜು ಗೊತ್ತಿದ್ದರೆ ಅದೂ ಇರಲಿ. ಯಾವ ಯಾವ ಜಾತಿ ಇದ್ದವು ಅನ್ನುವುದಕ್ಕೆ ಆ ವರ್ಷ ಪೂರ್ತಿ ಉಪಯೋಗಕ್ಕೆ ಬರುತ್ತದೆ. ಸಂಖ್ಯೆ ಏರಿತೋ ಇಳಿಯಿತೋ ಅಂತ ನೋಡುವಾಗ ಮಾತ್ರ ನಿಂತು ಎಣಿಸಿದ ವರ್ಷಗಳನ್ನೇ ತೆಗೆದುಕೊಳ್ಳಿ. ಜನವರಿ ಗಣತಿಗೆ ಹೆರಕಲ್ ಕಡೆ ನಾನೂ ಬರುತ್ತೇನೆ, ಟೆಲಿಸ್ಕೋಪ್ ತರುತ್ತೇನೆ. ಮೊದಲು ನಿಮ್ಮ ಬೈನಾಕ್ಯುಲರ್‌ನಲ್ಲಿ ಎಣಿಸಿ, ಆಮೇಲೆ ನನ್ನದರಲ್ಲಿ. ಎರಡೂ ಬರೆದುಕೊಳ್ಳೋಣ.