ಹೋರಾಟಕ್ಕೆ ಬಂದ ಜನ ವೋಟು ಹಾಕೋವಾಗ ಎಲ್ಲಿ ಹೋಗ್ತಾರೆ?

ಕೆರೆ ಏರಿ:
ನಮ್ಮೂರ ಕೆರೆ ಒತ್ತುವರಿ ವಿರುದ್ಧ ನಾವೊಂದಷ್ಟು ಜನ ವರ್ಷಗಟ್ಟಲೆ ಓಡಾಡಿದೀವಿ. ತಾಲ್ಲೂಕು ಕಚೇರಿ ಮುಂದೆ ಧರಣಿ ಕೂತಾಗ ಟ್ರ್ಯಾಕ್ಟರ್‌ಗಟ್ಟಲೆ ಜನ ಬಂದ್ರು. ಆದ್ರೆ ಮುಂದಾಳಾಗಿದ್ದ ನಮ್ಮಣ್ಣ ಗ್ರಾಮ ಪಂಚಾಯ್ತಿಗೆ ನಿಂತಾಗ ಗೆದ್ದಿದ್ದು ಒಬ್ಬ ಕಂಟ್ರಾಕ್ಟರ್. ಈಗ ನನ್ನನ್ನ ನಿಲ್ಲು ಅಂತಿದಾರೆ. ಹೋರಾಟದಿಂದ ಬಂದು ನಿಜವಾಗಿ ಗೆದ್ದವರು ಏನು ಮಾಡಿದ್ರು? ಗೊತ್ತಿದ್ದೋರು ಹೇಳಿ.

ಹಸಿರು ಟವೆಲ್, ಪಾಂಡವಪುರ:
ನಮ್ಮ ಕ್ಯಾತನಹಳ್ಳಿ ಪುಟ್ಟಣ್ಣಯ್ಯನೋರನ್ನೇ ತಗೊಳ್ಳಿ. 1994ರಲ್ಲಿ ರೈತ ಸಂಘದಿಂದ ಪಾಂಡವಪುರದಲ್ಲಿ ಗೆದ್ರು. ಆಮೇಲೆ ಮತ್ತೆ ವಿಧಾನಸಭೆ ಮೆಟ್ಟಿಲು ಹತ್ತಿದ್ದು 2013ರಲ್ಲಿ, ಸರ್ವೋದಯ ಕರ್ನಾಟಕ ಪಕ್ಷದಿಂದ, ಮೇಲುಕೋಟೆ ಕ್ಷೇತ್ರದಲ್ಲಿ. ನಡುವೆ ಹತ್ತೊಂಬತ್ತು ವರ್ಷ! ಅಷ್ಟೂ ವರ್ಷ ಮನುಷ್ಯ ಮನೇಲಿ ಕೂರಲಿಲ್ಲ. ಕಬ್ಬಿನ ಬಾಕಿ, ಕಾವೇರಿ ನೀರು, ಕರೆಂಟು, ಎಲ್ಲದಕ್ಕೂ ಮುಂದೆ. ಸೋತ ಮಾರನೇ ದಿನ ಫೋನ್ ಆಫ್ ಮಾಡೋ ಜಾತಿ ಅಲ್ಲ.

ಇನ್ನೊಂದು ವಿಷ್ಯ, ದುಡ್ಡು. 'ಒಂದು ವೋಟು, ಒಂದು ನೋಟು' ಅಂತ ಸಂಘದೋರು ಕೇಳ್ಕೊಂಡು ಬರೋರು. ಟವೆಲ್ ಒಡ್ಡಿದಾಗ ನಮ್ಮವ್ವ ಸೆರಗಿನ ಗಂಟು ಬಿಚ್ಚಿ, ಮಡಚಿ ಮಡಚಿ ಬೀಡಿಯಷ್ಟಾಗಿದ್ದ ಹತ್ತು ರೂಪಾಯಿ ನೋಟು ಹಾಕಿದ್ಳು. ಆಮೇಲೆ ಇನ್ನೊಂದು ಪಾರ್ಟಿಯೋರು ಕವರ್ ಹಿಡ್ಕೊಂಡು ಬಂದ್ರೆ, 'ನಾವು ಆಗ್ಲೇ ದುಡ್ಡು ಕೊಟ್ಟಾಯ್ತು ಕಣಪ್ಪ' ಅಂದ್ಳು. ಈಸ್ಕೊಂಡಿದ್ದು ಮರೆತುಹೋಗುತ್ತೆ, ಕೊಟ್ಟಿದ್ದು ಮರೆಯಲ್ಲ. ನಿಮ್ಮಣ್ಣ ಜನರ ಹತ್ರ ಏನಾದ್ರೂ ಕೇಳಿದ್ರಾ?

ನವಲಗುಂದ ಕಡಿಯಾಂವ:
ಬರೇ ಮಂಡ್ಯದ್ದ ಹೇಳಬ್ಯಾಡ್ರಿ, ರೈತ ಸಂಘ ಹುಟ್ಟಾಕ ಕಾರಣ ಆಗಿದ್ದು ನಮ್ಮ ಮಲಪ್ರಭಾ ಸೀಮಿ. 1980ರ ಜುಲೈ 21ಕ್ಕ ನರಗುಂದ, ನವಲಗುಂದದಾಗ ಗೋಲಿಬಾರ್ ಆತು, ರೈತರು ಸತ್ರು. ಮುಂದ 1989ರಾಗ ಸಂಘದ ಬಾಬಾಗೌಡ ಪಾಟೀಲರು ಕಿತ್ತೂರು, ಧಾರವಾಡ ಗ್ರಾಮೀಣ ಎರಡೂ ಕಡೆ ಆರಿಸಿ ಬಂದ್ರು. ಬಿಟ್ಟುಕೊಟ್ಟ ಧಾರವಾಡದ ಸೀಟಿಗೆ ಸಂಘದ ದೊಡ್ಡ ನಾಯಕ ನಂಜುಂಡಸ್ವಾಮಿಯವರು ಉಪಚುನಾವಣ್ಯಾಗ ಗೆದ್ದು ಬಂದ್ರು. ಆದ್ರ ಅದೇ ಬಾಬಾಗೌಡ್ರು 1998ರಾಗ ಬಿಜೆಪಿಯಿಂದ ಬೆಳಗಾವಿ ಸಂಸದರಾಗಿ ವಾಜಪೇಯಿ ಸರ್ಕಾರದಾಗ ಮಂತ್ರಿ ಆದ್ರು. ತಪ್ಪೋ ಸರಿಯೋ, ನಮ್ಮ ಮನ್ಯಾಗ ಇನ್ನೂ ಜಗಳ ಐತಿ. ಸಂಘದ ಬಲದ ಮ್ಯಾಲ ಎಷ್ಟು ದಿನ ಗೆಲ್ಲಾಕ ಆಗ್ತದ್ರಿ?

ಹಸಿರು ಟವೆಲ್, ಪಾಂಡವಪುರ:
ನವಲಗುಂದದೋರು ಹೇಳಿದ್ದು ಖರೆ. ನಮ್ಮ ಕಡೇನೂ ಸಂಘ ಒಂದೇ ಸಾಲಲ್ಲ, ಲೆಕ್ಕಾಚಾರಾನೂ ಕೂಡಿ ಬರಬೇಕು. 2018ರ ಫೆಬ್ರವರೀಲಿ ಪುಟ್ಟಣ್ಣಯ್ಯನೋರು ಮಂಡ್ಯದಲ್ಲಿ ಕಬಡ್ಡಿ ನೋಡ್ತಾ ಇದ್ದಾಗಲೇ ಹೃದಯಾಘಾತ ಆಗಿ ಹೋಗ್ಬಿಟ್ರು. ಅಮೆರಿಕದಲ್ಲಿ ಸಾಫ್ಟ್‌ವೇರ್ ಕಂಪನಿ ನಡೆಸ್ತಿದ್ದ ಮಗ ದರ್ಶನ್ ಬಂದು ನಿಂತ್ರು. ಅನುಕಂಪ ಇತ್ತು, ಕಾಂಗ್ರೆಸ್ ಬೆಂಬಲಾನೂ ಇತ್ತು. ಆದ್ರೂ ಜೆಡಿಎಸ್‌ನ ಪುಟ್ಟರಾಜು ಎದುರು ಸೋತ್ರು. 2023ರಲ್ಲಿ ಅದೇ ಎದುರಾಳಿ, ಅದೇ ಬೆಂಬಲ, ಗೆದ್ರು. ಏನು ಬದಲಾಯ್ತು ಅಂದ್ರೆ, ನನ್ನ ಲೆಕ್ಕದಲ್ಲಿ, ಮೊದಲನೇ ಸಲ ಜನ ಅಪ್ಪನ ಮಗನನ್ನ ನೋಡಿದ್ರು, ಎರಡನೇ ಸಲ ಅವರನ್ನೇ ನೋಡಿದ್ರು.

ಕೆರೆ ಏರಿ:
ಅಣ್ಣ ಯಾರನ್ನೂ ಏನೂ ಕೇಳಲಿಲ್ಲ. ಇದ್ದ ಎಮ್ಮೆ ಮಾರಿ ಖರ್ಚು ಮಾಡಿದ. ಸೋತ ಮೇಲೆ ಕೆರೆ ವಿಷ್ಯಾನೂ ಬಿಟ್ಟುಬಿಟ್ಟ.

ಹಸಿರು ಟವೆಲ್, ಪಾಂಡವಪುರ:
ಹಂಗಾದ್ರೆ ನೀವು ಈಗ್ಲೇ ನಾಮಪತ್ರದ ಮಾತು ಎತ್ತಬೇಡಿ. ಗ್ರಾಮ ಪಂಚಾಯ್ತೀಲಿ ಪಾರ್ಟಿ ಚಿಹ್ನೆ ಇರಲ್ಲ, ಅದು ನಿಮಗೆ ಅನುಕೂಲ. ಆದ್ರೆ ಕೇರಿ ಕೇರೀಲಿ ಪಿಂಚಣಿ, ಪಹಣಿ, ಖಾತೆ ಅಂತ ಅಲೆಯೋರು ಇದಾರಲ್ಲ, ಅವರ ಜೊತೆ ಕಚೇರಿಗೆ ಹೋಗಿ. ಕಂಟ್ರಾಕ್ಟರ್ ಗೆಲ್ಲೋದು ಬರೀ ದುಡ್ಡಿಂದಲ್ಲ, ರಾತ್ರಿ ಹತ್ತು ಗಂಟೆಗೆ ಆಸ್ಪತ್ರೆಗೆ ಹೋಗೋಕೆ ಅವನ ಜೀಪು ಸಿಗುತ್ತೆ ಅಂತ. ಮೊದಲು ಒತ್ತುವರಿ ಸರ್ವೆ ಎಲ್ಲಿಗೆ ಬಂದು ನಿಂತಿದೆ ಅಂತ ಹೇಳಿ, ಅದನ್ನ ಮತ್ತೆ ಎತ್ತೋಣ.