ಮನೆಯಲ್ಲಿ ಎಲ್ಲರಿಗೂ ಜ್ವರ, ನಾನೊಬ್ಬಳೇ ಓಡಾಡುತ್ತಿದ್ದೇನೆ. ನನಗೆ ಬರದಂತೆ ಏನು ಮಾಡಲಿ?

ತುಂಗಾತೀರ:
ನಾವಿರುವುದು ಶಿವಮೊಗ್ಗದಲ್ಲಿ. ಮಳೆ ಹಿಡಿದ ಮೇಲೆ ನಮ್ಮ ಬೀದಿಯಲ್ಲಿ ಜ್ವರ ಇಲ್ಲದ ಮನೆಯೇ ಇಲ್ಲ. ನಮ್ಮಲ್ಲಿ ಮೊದಲು ಮಗಳು ಮಲಗಿದಳು, ಆಮೇಲೆ ಯಜಮಾನರು, ಇವತ್ತು ಬೆಳಿಗ್ಗೆಯಿಂದ ಅತ್ತೆ. ಗಂಜಿ, ಮಾತ್ರೆ, ರಾತ್ರಿ ಹಣೆಗೆ ಒದ್ದೆ ಬಟ್ಟೆ ಎಲ್ಲಾ ನಾನೇ ನೋಡಬೇಕು. ಅತ್ತೆಗೆ ಸಕ್ಕರೆ ಕಾಯಿಲೆ ಬೇರೆ, ಅದೇ ಹೆದರಿಕೆ. ನಾನು ದಿನಾ ಕಷಾಯ ಕುಡಿಯುತ್ತಿದ್ದೇನೆ, ವಿಟಮಿನ್ ಸಿ ಮಾತ್ರೆನೂ ತಗೊಳ್ತಿದ್ದೇನೆ. ಇಷ್ಟು ಸಾಕಾ? ಎರಡೇ ಕೋಣೆ, ಒಂದೇ ಬಚ್ಚಲು, ದೂರ ಇರಿ ಅಂದರೆ ಆಗುವ ಮನೆ ಅಲ್ಲ ನಮ್ಮದು.

ವಾರ್ಡ್ ಸಿಸ್ಟರ್:
ಮೊದಲು ಇದು ಯಾವ ಜ್ವರ ಅಂತ ತಿಳಿಯಬೇಕು. ಕೆಮ್ಮು, ನೆಗಡಿ, ಗಂಟಲು ನೋವು ಇದೆಯಾ? ಇದ್ದರೆ ಫ್ಲೂ ತರಹದ್ದಿರಬಹುದು, ಅದು ಉಸಿರಿನಿಂದ, ಕೆಮ್ಮಿನ ಹನಿಯಿಂದ ಬರುತ್ತದೆ. ಕೆಮ್ಮು ನೆಗಡಿ ಇಲ್ಲದೆ ಕಣ್ಣಿನ ಹಿಂದೆ ನೋವು, ಕೀಲು ನೋವು, ಮೈಮೇಲೆ ಕೆಂಪು ಗುಳ್ಳೆ ಅಂದರೆ ಡೆಂಗಿ ಇರಬಹುದು, ಅದಕ್ಕೆ ಮಾಸ್ಕ್ ಹಾಕಿ ಏನೂ ಪ್ರಯೋಜನ ಇಲ್ಲ, ಸೊಳ್ಳೆಯನ್ನೇ ತಡೆಯಬೇಕು. ಲಕ್ಷಣದಿಂದ ಖಚಿತವಾಗಿ ಹೇಳಕ್ಕಾಗಲ್ಲ, ರಕ್ತ ಪರೀಕ್ಷೆ ಮಾಡಿಸಿ. ಅದು ಗೊತ್ತಾಗುವವರೆಗೆ ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಕೊಡಬೇಡಿ. ಡೆಂಗಿಯಲ್ಲಿ ಐಬುಪ್ರೊಫೆನ್, ಆಸ್ಪಿರಿನ್ ರಕ್ತಸ್ರಾವ ಜಾಸ್ತಿ ಮಾಡಬಹುದು.

ಅತ್ತೆಯವರನ್ನು ಇವತ್ತೇ ಡಾಕ್ಟರಿಗೆ ತೋರಿಸಿ, ಕಾಯಬೇಡಿ. ಫ್ಲೂ ಆಗಿದ್ದರೆ ಅದರ ಔಷಧಿ ಮೊದಲ 48 ಗಂಟೆಯೊಳಗೆ ಶುರು ಮಾಡಿದರೆ ಹೆಚ್ಚು ಗುಣ ಕೊಡುತ್ತದೆ.

ಅಜ್ಜಿಮನೆ:
ಸಿಸ್ಟರ್ ಹೇಳಿದ್ದು ಸರಿ, ಆದರೆ ಕಷಾಯವನ್ನು ಬಿಡಿಸಬೇಡಿ. ಶುಂಠಿ, ಮೆಣಸು, ಜೀರಿಗೆ ಹಾಕಿ ಬಿಸಿಬಿಸಿ ಕುಡಿದರೆ ಗಂಟಲಿಗೆ ಎಷ್ಟು ಹಿತ! ನಮ್ಮ ಮನೆಯಲ್ಲಿ ಮಳೆಗಾಲ ಪೂರ್ತಿ ಒಲೆ ಮೇಲೆ ಅದು ಇದ್ದೇ ಇರುತ್ತದೆ.

ವಾರ್ಡ್ ಸಿಸ್ಟರ್:
ಕುಡಿಯಲಿ, ಬೇಡ ಅನ್ನಲ್ಲ. ಗಂಟಲಿಗೆ ಹಿತ, ಮೈಗೆ ನೀರೂ ಸೇರುತ್ತದೆ. ಆದರೆ ಕಷಾಯ ಕುಡಿದಿದ್ದೇನೆ ಅನ್ನುವ ಧೈರ್ಯದಲ್ಲಿ ಕಿಟಕಿ ಮುಚ್ಚಿಕೊಂಡು ಕೆಮ್ಮುವವರ ಪಕ್ಕ ಮಲಗಬಾರದು, ನನ್ನ ಕಳಕಳಿ ಅದೊಂದೇ. ಮಳೆ ಅಂತ ಎಲ್ಲರೂ ಬಾಗಿಲು ಕಿಟಕಿ ಭದ್ರ ಮಾಡಿಬಿಡುತ್ತಾರೆ, ಒಳಗಿನ ಗಾಳಿ ಒಳಗೇ ಸುತ್ತುತ್ತದೆ. ಎದುರುಬದುರು ಎರಡು ಕಿಟಕಿ ತೆರೆಯಿರಿ, ಜಾಲರಿ ಇದ್ದರೆ ಒಳ್ಳೆಯದು. ಹತ್ತಿರ ಕೂತು ಗಂಜಿ ಕುಡಿಸುವಾಗ ನೀವು ಎನ್95 ಹಾಕಿ, ಅವರಿಗೂ ಮಾಸ್ಕ್ ಕೊಡಿ. ಫ್ಲೂ ಬಂದವರು ಲಕ್ಷಣ ಕಾಣುವ ಒಂದು ದಿನ ಮೊದಲೇ ಹರಡಬಲ್ಲರು, ಹಾಗಾಗಿ ಮಗಳಿಂದ ನಿಮಗೆ ಆಗಲೇ ತಗುಲಿರಲೂಬಹುದು. ಅದಕ್ಕಾಗಿ ಕೈಚೆಲ್ಲಬೇಡಿ. ಲೋಟ, ಟವೆಲ್ ಬೇರೆ ಇಡಿ, ಕೈಯನ್ನು ಸೋಪು ಹಾಕಿ 20 ಸೆಕೆಂಡ್ ತೊಳೆಯಿರಿ.

ಬೀದಿಕೊನೆ:
ನಾನು ಆಶಾ ಕಾರ್ಯಕರ್ತೆಯರ ಜೊತೆ ಲಾರ್ವಾ (ನೀರಿನಲ್ಲಿರುವ ಸೊಳ್ಳೆಮರಿ) ನೋಡಲು ಮನೆಮನೆಗೆ ಹೋಗಿದ್ದೇನೆ. ಇಡೀ ಬೀದಿಗೆ ಜ್ವರ ಅಂದರಲ್ಲ, ಡ್ರಮ್ಮು, ಕೂಲರ್, ಹೂಕುಂಡದ ತಟ್ಟೆ, ಫ್ರಿಜ್ ಹಿಂದಿನ ಟ್ರೇ ಇವತ್ತೇ ನೋಡಿ. ಡೆಂಗಿ ಸೊಳ್ಳೆಗೆ ಚರಂಡಿ ಬೇಡ, ನಿಂತ ಒಳ್ಳೆ ನೀರೇ ಬೇಕು. ಮೊಟ್ಟೆ ಒಣ ಡ್ರಮ್ಮಿನ ಗೋಡೆಯಲ್ಲೂ ತಿಂಗಳುಗಟ್ಟಲೆ ಉಳಿಯುತ್ತದೆ, ಅದಕ್ಕೆ ನೀರು ಚೆಲ್ಲಿದರೆ ಸಾಲದು, ಒಳಗೋಡೆ ಉಜ್ಜಬೇಕು. ವಾರಕ್ಕೊಮ್ಮೆ ಉಜ್ಜಲೇಬೇಕು. ಅದು ಕಚ್ಚುವುದೂ ಹೆಚ್ಚಾಗಿ ಹಗಲಲ್ಲೇ, ಆದ್ದರಿಂದ ಜ್ವರದವರು ಹಗಲು ಮಲಗಿದರೂ ಪರದೆಯೊಳಗೇ ಮಲಗಲಿ. ಅವರನ್ನು ಕಚ್ಚಿದ ಸೊಳ್ಳೆ ಮುಂದೆ ನಿಮ್ಮನ್ನೂ ಕಚ್ಚಬಹುದು.

ತುಂಗಾತೀರ:
ಮಗಳಿಗೆ, ಯಜಮಾನರಿಗೆ ಇಬ್ಬರಿಗೂ ಕೆಮ್ಮು ಇದೆ. ಅತ್ತೆಗೆ ಕೆಮ್ಮಿಲ್ಲ, ಬರೀ ಮೈಕೈ ನೋವು. ಆಟೋ ಕರೆಸಿದ್ದೇನೆ, ಈಗಲೇ ಪರೀಕ್ಷೆಗೆ ಹೊರಟಿದ್ದೇವೆ. ಫ್ಲೂ ಲಸಿಕೆ ನಾನು ಈಗ ಹಾಕಿಸಿಕೊಂಡರೆ ಆಗುತ್ತಾ?

ವಾರ್ಡ್ ಸಿಸ್ಟರ್:
ಅದು ಕೆಲಸ ಶುರು ಮಾಡಲು ಸುಮಾರು 2 ವಾರ ಬೇಕು, ಈ ಸಲದ ಜ್ವರಕ್ಕೆ ಆಗಲಿಕ್ಕಿಲ್ಲ. ಆದರೂ ಡಾಕ್ಟರನ್ನು ಕೇಳಿ, ಅತ್ತೆಯವರಿಗೆ ಪ್ರತಿ ವರ್ಷ ಬೇಕಾಗುತ್ತದೆ. ಇನ್ನೊಂದು ಮಾತು, ಡೆಂಗಿ ಅಂತ ಬಂದರೆ ಜ್ವರ ಇಳಿದಾಗ ಮೈಮರೆಯಬೇಡಿ. ತೀವ್ರ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಅಜ್ಜಿಮನೆ:
ನೀವು ಊಟ ಬಿಡಬೇಡಿ ತಾಯಿ. ಪಕ್ಕದ ಮನೆಯವರಿಗೆ ಸಂಕೋಚ ಬಿಟ್ಟು ಹೇಳಿ, ಒಂದು ಹೊತ್ತಿನ ಸಾರು ಅನ್ನ ಕಳಿಸಿಕೊಟ್ಟರೆ ಆ ಹೊತ್ತು ನೀವು ಮಲಗಬಹುದು. ರಿಪೋರ್ಟ್ ಬಂದ ಮೇಲೆ ಇಲ್ಲೇ ತಿಳಿಸಿ.