ಸಹಾಯ ಬೇಕು: ಗಣಿ ಟಿಪ್ಪರ್‌ಗೆ ಬ್ಯಾಟರಿ ಕೂರಿಸಲು ಅನುದಾನ

ಎಲ್ಲರಿಗೂ ನಮಸ್ಕಾರ. ಕುಶಾಲನಗರದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್. ಗಣಿಯ ಹಳೇ ಡೀಸೆಲ್ ಟಿಪ್ಪರ್‌ಗೆ ಮೋಟರ್, ಬ್ಯಾಟರಿ ಕೂರಿಸುವ ಕೆಲಸಕ್ಕೆ ನಾನು, ನನ್ನ ತಮ್ಮ ಕೈ ಹಾಕಿದ್ದೇವೆ. ಕೊಡಗಲ್ಲಿ ಗಣಿ ಎಲ್ಲಿದೆ ಅಂತ ನಗಬೇಡಿ, ನಮ್ಮ ಕಣ್ಣಿರುವುದು ಸಂಡೂರಿನ ಮೇಲೆ. ಅಲ್ಲಿ ಅದಿರು ಗುಡ್ಡದ ಮೇಲಿದೆ. ಲೋಡ್ ಗಾಡಿ ಇಳಿಯುವಾಗ ಬ್ರೇಕ್‌ನಲ್ಲಿ ಸುಮ್ನೆ ಬಿಸಿಯಾಗಿ ಹೋಗುವ ಶಕ್ತಿಯಲ್ಲಿ ಒಂದಷ್ಟನ್ನು ಮೋಟರ್ ಮತ್ತೆ ಬ್ಯಾಟರಿಗೆ ತುಂಬುತ್ತದೆ. ಹತ್ತುವಾಗ ಗಾಡಿ ಖಾಲಿ, ಖರ್ಚು ಕಮ್ಮಿ. (ಮಡಿಕೇರಿ ಘಾಟಿ ಇಳಿದವರಿಗೆ ಬ್ರೇಕ್ ಬಿಸಿ ಗೊತ್ತಲ್ವಾ!)

ಬ್ಯಾಂಕಿನವರು ಅಡಮಾನ ಕೇಳುತ್ತಾರೆ. ಅಮ್ಮನ ಕಾಫಿ ತೋಟವನ್ನಂತೂ ಮುಟ್ಟುವುದಿಲ್ಲ. ಕೇಂದ್ರ ಗಣಿ ಸಚಿವಾಲಯ 2023ರಲ್ಲಿ ಶುರು ಮಾಡಿದ ಎಸ್ ಅಂಡ್ ಟಿ ಪ್ರಿಸಂ, ರಾಜ್ಯದ ಎಲಿವೇಟ್, ಎರಡರಲ್ಲೂ ಸ್ಟಾರ್ಟಪ್‌ಗಳಿಗೆ ಹಣ ಕೊಡುತ್ತಾರೆ. ಎಲಿವೇಟ್‌ನಲ್ಲಿ 50 ಲಕ್ಷ ರೂಪಾಯಿವರೆಗೆ. ಯಾರಾದರೂ ಅರ್ಜಿ ಹಾಕಿದ್ದೀರಾ? ಪ್ರಾಜೆಕ್ಟ್ ರಿಪೋರ್ಟ್ ಹೇಗಿರಬೇಕು? ಟ್ರಯಲ್‌ಗೆ ಗಣಿಯವರ ಒಪ್ಪಿಗೆ ಪತ್ರ ಮೊದಲೇ ಬೇಕಾ? ಗೊತ್ತಿದ್ದವರು ತಿಳಿಸಿ, ನಾನೇ ಬಂದು ಭೇಟಿ ಮಾಡುತ್ತೇನೆ.